ಕಣ್ಣಿನವರು ಕಿವಿಯವರ ಕಡೆ, ಕಿವಿಯವರು ಕಣ್ಣಿನವರ ಕಡೆ

ಕಣ್ಣು, ಕಿವಿ ಎರಡೂ ಸರಿಯಿಲ್ಲದ ಮಗುವನ್ನು ಸೇರಿಸುವುದು ಅಂಧರ ಶಾಲೆಗೋ, ಕಿವುಡರ ಶಾಲೆಗೋ? ಅಲ್ಲಿ ಪಾಠ ಕಿವಿಯನ್ನು ನಂಬಿದೆ, ಇಲ್ಲಿ ಕಣ್ಣನ್ನು. ಮನೆಯವರು ಅಲೆಯುವುದು ಇಲ್ಲಿಂದಲೇ ಶುರು.

1837ರಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಗೆ ಲಾರಾ ಬ್ರಿಡ್ಜ್‌ಮನ್ ಎಂಬ ಹುಡುಗಿ ಸೇರಿದಳು; ಅವಳಿಗೆ ಕಣ್ಣೂ ಕಾಣಿಸುತ್ತಿರಲಿಲ್ಲ, ಕಿವಿಯೂ ಕೇಳಿಸುತ್ತಿರಲಿಲ್ಲ. 1887ರಲ್ಲಿ ಅಂಥದೇ ಮಗು ಹೆಲನ್ ಕೆಲರ್ ಮನೆಗೆ ಶಿಕ್ಷಕಿ ಆ್ಯನ್ ಸಲಿವನ್ ಬಂದರು. ಇಂಥ ಮಕ್ಕಳಿಗೂ ಕಲಿಸಬಹುದೆಂದು ಗೊತ್ತಾದರೂ ಮುಕ್ಕಾಲು ಶತಮಾನ ಅದು ಪವಾಡದ ಕಥೆಯಾಗಿಯೇ ಉಳಿಯಿತು. 1964–65ರ ರುಬೆಲ್ಲಾ ಪಿಡುಗಿನಲ್ಲಿ ಅಮೆರಿಕದಲ್ಲಿ ಸುಮಾರು 20,000 ಶಿಶುಗಳು ಗರ್ಭದಲ್ಲೇ ಸೋಂಕು ತಗುಲಿ ಹುಟ್ಟಿದವು. ಸಾವಿರಾರು ಮಕ್ಕಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹಲವರಿಗೆ ಕಣ್ಣಿನ ಪೊರೆಯೂ ಇತ್ತು. ಇಂಥ ಮಕ್ಕಳ ಸೇವಾ ಕೇಂದ್ರಗಳಿಗೆ ಅಲ್ಲಿ 1968ರಲ್ಲಿ ಕಾನೂನು ಬಂತು, 1969ರಲ್ಲಿ ರುಬೆಲ್ಲಾ ಲಸಿಕೆ.

ಅದೇ ಕಾಲದಲ್ಲಿ ನೆದರ್ಲೆಂಡ್ಸ್‌ನ ಶಿಕ್ಷಣ ತಜ್ಞ ಯಾನ್ ವಾನ್ ಡೈಕ್ ಇಂಥ ಮಕ್ಕಳಿಗೆ 'ಆಮೇಲೆ' ಎಂಬುದನ್ನು ತಿಳಿಸುವ ದಾರಿ ಹುಡುಕುತ್ತಿದ್ದರು. ಹಾಗೆ ಬಂದದ್ದು ಕ್ಯಾಲೆಂಡರ್ ಪೆಟ್ಟಿಗೆ. ಎಡದಿಂದ ಬಲಕ್ಕೆ ಖಾನೆಗಳು, ದಿನದ ಕೆಲಸಗಳ ಕ್ರಮದಲ್ಲಿ. ಒಂದರಲ್ಲಿ ಊಟದ ಗುರುತಿಗೆ ಚಮಚ, ಪಕ್ಕದಲ್ಲಿ ಸ್ನಾನದ ಗುರುತಿಗೆ ಟವೆಲ್. ಮಗು ಚಮಚ ಎತ್ತಿಕೊಂಡು ಊಟಕ್ಕೆ ಹೋಗಿ, ಅದರಲ್ಲೇ ಉಂಡು, 'ಮುಗಿಯಿತು' ಬುಟ್ಟಿಗೆ ತಾನೇ ಹಾಕಬೇಕು. ಮೊದಮೊದಲು ಎರಡೇ ವಸ್ತು ಸಾಕು. ಕಾರಿನ ಗುರುತಿಗೆ ಆಟಿಕೆ ಕಾರು ಇಟ್ಟರೆ ಕೆಟ್ಟಿತು: ಬೆರಳಿಗೆ ಅದು ನುಣುಪಾದ ಪ್ಲಾಸ್ಟಿಕ್ ತುಂಡು ಅಷ್ಟೆ. ಮಗುವಿಗೆ ಕಾರೆಂದರೆ ಮೈಮೇಲೆ ಹಾಯುವ ಸೀಟ್ ಬೆಲ್ಟು. ಆ ಪಟ್ಟಿಯ ತುಂಡೇ ಬೇಕು. ಮಗುವಿನ ಕೈ ಹಿಡಿದು ಎಳೆಯಲೂಬಾರದು. ದೊಡ್ಡವರ ಕೈ ಕೆಳಗಿರಲಿ, ಮಗುವಿನದು ಮೇಲಿರಲಿ. ಬೇಡವೆನಿಸಿದಾಗ ಅದು ಕೈ ತೆಗೆಯಬಹುದು. ಎಳೆಸಿಕೊಂಡ ಕೈ ಮುಷ್ಟಿ ಕಟ್ಟಿಬಿಡುತ್ತದೆ. ಮುಷ್ಟಿ ಕಟ್ಟಿತೆಂದರೆ ಆ ಮಗುವಿನ ಕಣ್ಣೂ ಕಿವಿಯೂ ಮುಚ್ಚಿದಂತೆ.

ಕೆನಡಾದಲ್ಲಿ ಇಂಟರ್ವೀನರ್ ಎಂಬ ಹುದ್ದೆ ಬೆಳೆಯಿತು: ಒಂದು ಮಗುವಿನ ಜೊತೆ ತರಬೇತಾದ ಒಬ್ಬರು. ಅವರ ಗುರುತು ಬಳೆಯೋ, ವಾಚಿನ ಪಟ್ಟಿಯೋ. ಪ್ರತಿ ಭೇಟಿಯಲ್ಲೂ ಮೊದಲು ಅದನ್ನು ಮುಟ್ಟಿಸುತ್ತಾರೆ. ಬದಲಿ ಬರುವವರು ಹಳಬರ ಜೊತೆ ಕೆಲವು ದಿನ ಇದ್ದು ಕಲಿಯದಿದ್ದರೆ ತಿಂಗಳುಗಟ್ಟಲೆ ಕಟ್ಟಿದ ನಂಬಿಕೆ ಕುಸಿಯುತ್ತದೆ.

2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಈ ಮಕ್ಕಳನ್ನು ಅಂಧರ, ಕಿವುಡರ ಜೊತೆ ಪ್ರತ್ಯೇಕವಾಗಿ ಹೆಸರಿಸಿತು. ಇಂದು ಅವಧಿಗೆ ಮುನ್ನ ಹುಟ್ಟಿದವರು, ಚಾರ್ಜ್ ಸಿಂಡ್ರೋಮ್ (ಹುಟ್ಟಿನಿಂದಲೇ ಹಲವು ಅಂಗಗಳಿಗೆ ತೊಂದರೆ ಕೊಡುವ ವಂಶವಾಹಿ ದೋಷ) ಇರುವವರು ಹೆಚ್ಚು ಕಾಣುತ್ತಾರೆ. ಹೃದಯ, ನುಂಗುವಿಕೆ, ಸಮತೋಲನ ಎಂದು ಆಸ್ಪತ್ರೆಯ ಓಡಾಟವೂ ಹೆಚ್ಚು. ಬಹುಪಾಲು ಮಕ್ಕಳಿಗೆ ಅಷ್ಟಿಷ್ಟು ಕಾಣಿಸುತ್ತದೆ, ಇಲ್ಲವೇ ಕೇಳಿಸುತ್ತದೆ. ಆದರೆ ಅಪರಿಚಿತ ಕೋಣೆಯಲ್ಲಿ ಅವಸರದಲ್ಲಿ ಕಣ್ಣು, ಕಿವಿಯ ಪರೀಕ್ಷೆ ನಡೆದರೆ ವರದಿಯಲ್ಲಿ ಉಳಿಯುವುದು 'ಸಹಕರಿಸಲಿಲ್ಲ' ಎಂಬ ಒಂದೇ ಮಾತು.

ಹಲವೆಡೆ ಇಂಟರ್ವೀನರ್ ಇರುವುದು ಶಾಲೆಯ ಗಂಟೆಗಳಿಗೆ ಮಾತ್ರ. ಸಂಜೆ ಪೆಟ್ಟಿಗೆ ಶಾಲೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಚಮಚ ಬೇರೆ, ಕ್ರಮ ಬೇರೆ; ಪೆಟ್ಟಿಗೆಯ ಬಳಕೆಯನ್ನು ಹೆತ್ತವರಿಗೆ ಕಲಿಸಿಕೊಡಲು ಯಾರಿಗೂ ಗಂಟೆ ಮಂಜೂರಾಗಿರುವುದಿಲ್ಲ.