ಪೈಲಟ್ ಸಂಚಿಕೆ ಎಂದರೇನು? ‘ಬೊನಾಂಜಾ’ದ ತಡವರಿಸಿದ ಆರಂಭ

ಧಾರಾವಾಹಿಗಳ ಮಾತು ಬಂದಾಗ ‘ಪೈಲಟ್’ ಎಂದರೆ ಮೊದಲ ಸಂಚಿಕೆ ಎಂದೇ ಹೆಚ್ಚಿನವರು ಅರ್ಥಮಾಡಿಕೊಳ್ಳುತ್ತಾರೆ. ಅನೇಕ ಸಲ ಎರಡೂ ಒಂದೇ ಆಗಿರುವುದರಿಂದ ಈ ತಿಳಿವಳಿಕೆಯಿಂದ ತೊಂದರೆಯೇನೂ ಆಗದು. ಆದರೂ ಎರಡರ ನಡುವೆ ವ್ಯತ್ಯಾಸವಿದೆ. ಧಾರಾವಾಹಿಯನ್ನು ಕೊಳ್ಳಬೇಕೇ ಬೇಡವೇ ಎಂದು ವಾಹಿನಿಯವರು ತೀರ್ಮಾನಿಸಲು ನಿರ್ಮಾಪಕರು ಮುಂಚಿತವಾಗಿ ತಯಾರಿಸಿ ತೋರಿಸುವ ಮಾದರಿ ಸಂಚಿಕೆಯೇ ಪೈಲಟ್. ಒಪ್ಪಿಗೆಯಾದರೆ ಪ್ರಸಾರವಾಗುತ್ತದೆ, ಇಲ್ಲದಿದ್ದರೆ ಡಬ್ಬಿಯಲ್ಲೇ ಉಳಿಯುತ್ತದೆ. ಒಪ್ಪಿಗೆಯಾದ ಮೇಲೂ ಅದನ್ನೇ ಮೊದಲ ವಾರ ತೋರಿಸಬೇಕೆಂಬ ನಿಯಮವಿಲ್ಲ. ಪೈಲಟ್ ಸಂಚಿಕೆಯ ಮೊದಲ ಪ್ರೇಕ್ಷಕರು ಮನೆಯಲ್ಲಿ ಕುಳಿತು ನೋಡುವ ನಾವಲ್ಲ. ವಾಹಿನಿಯ ಕಚೇರಿಯ ನಾಲ್ಕಾರು ಅಧಿಕಾರಿಗಳು ಮತ್ತು ಜಾಹೀರಾತಿಗೆ ಹಣ ಕೊಡುವ ಕಂಪನಿಯವರು.

ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ, ಹೆಸರಾಂತ ಹಳೆಯ ಧಾರಾವಾಹಿಗಳು ಆರಂಭದಲ್ಲಿ ಏಕೆ ಅಷ್ಟೊಂದು ತಡವರಿಸುತ್ತವೆ ಎಂಬುದು ತಿಳಿಯಾಗುತ್ತದೆ. ಇದನ್ನು ವಿವರಿಸಲು ಅಮೆರಿಕದ ಕೌಬಾಯ್ ಧಾರಾವಾಹಿ ‘ಬೊನಾಂಜಾ’ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

1959ರ ಸೆಪ್ಟೆಂಬರ್ 12ರ ಶನಿವಾರ ಸಂಜೆ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದ ಈ ಧಾರಾವಾಹಿ ಹದಿನಾಲ್ಕು ಸೀಸನ್ ನಡೆದು 1973ರ ಜನವರಿ 16ರಂದು ಮುಗಿಯಿತು. ಒಟ್ಟು ಸಂಚಿಕೆಗಳು ನಾನೂರಕ್ಕೂ ಹೆಚ್ಚು. ನೆವಾಡದ ಟಾಹೋ ಸರೋವರದ ದಂಡೆಯಲ್ಲಿ ‘ಪಾಂಡರೋಸಾ’ ಎಂಬ ವಿಶಾಲವಾದ ಜಾನುವಾರು ಎಸ್ಟೇಟು. ಅದರ ಯಜಮಾನ ಬೆನ್ ಕಾರ್ಟ್‌ರೈಟ್. ಅವನಿಗೆ ಆಡಮ್, ಹಾಸ್, ಲಿಟ್ಲ್ ಜೋ ಎಂಬ ಮೂವರು ಗಂಡುಮಕ್ಕಳು. ಮೂವರ ತಾಯಂದಿರು ಬೇರೆ ಬೇರೆ, ಮೂವರೂ ತೀರಿಕೊಂಡವರು. ತಾಯಿಯಿಲ್ಲದ ಆ ಮನೆಯಲ್ಲಿ ತಂದೆಗೂ ಮಕ್ಕಳಿಗೂ ನಡುವೆ ಇದ್ದ ಮಮತೆಯೇ ಧಾರಾವಾಹಿಯ ಜೀವಾಳ. ದಿಕ್ಕಿಲ್ಲದವರು ಬಂದರೆ ಊಟ ಹಾಕಿ, ನ್ಯಾಯ ಕೊಡಿಸಿ ಕಳುಹಿಸುವ ಮನೆ ಅದು. ಅಭಿಮಾನಿಗಳು ಪ್ರೀತಿಸಿದ್ದು ಈ ಕುಟುಂಬವನ್ನು.

ಹೀಗೆ ಪ್ರೀತಿಸಿದವರು ಎಷ್ಟೋ ವರ್ಷಗಳ ನಂತರ ಮೊದಲ ಸಂಚಿಕೆಯನ್ನು ಹುಡುಕಿ ನೋಡಿದಾಗ ಗಲಿಬಿಲಿಗೊಳ್ಳುತ್ತಾರೆ. ಅದರ ಹೆಸರು ‘ಎ ರೋಸ್ ಫಾರ್ ಲಾಟಾ’. ಬರೆದವರು ಧಾರಾವಾಹಿಯ ಸೃಷ್ಟಿಕರ್ತ ಡೇವಿಡ್ ಡಾರ್ಟಾರ್ಟ್. ವರ್ಜೀನಿಯಾ ಸಿಟಿಯ ಗಣಿ ಧಣಿ ಆಲ್ಫಿಯಸ್ ಟ್ರಾಯ್‌ಗೆ ಪಾಂಡರೋಸಾದ ಮರಗಳು ಬೇಕು. ಕಾರ್ಟ್‌ರೈಟ್‌ಗಳು ಕೊಡುವುದಿಲ್ಲ. ಅವರಲ್ಲಿ ಒಬ್ಬನನ್ನು ಊರಿಗೆ ಸೆಳೆದು ತಂದು ಒತ್ತೆಯಿಟ್ಟುಕೊಳ್ಳಲು ಅವನು ಲಾಟಾ ಕ್ರ್ಯಾಬ್‌ಟ್ರೀ ಎಂಬ ರಂಗನಟಿಯನ್ನು ಗೊತ್ತುಮಾಡುತ್ತಾನೆ. ಬಲೆಗೆ ಬೀಳುವವನು ಕಿರಿಯ ಮಗ ಜೋ.

ಕಥೆಯಲ್ಲಿ ಸತ್ವವಿಲ್ಲದೆ ಇಲ್ಲ. ಮರಕ್ಕಾಗಿ ನಡೆಯುವ ಈ ಹಗ್ಗಜಗ್ಗಾಟಕ್ಕೆ ಚರಿತ್ರೆಯ ಆಧಾರವಿದೆ. ವರ್ಜೀನಿಯಾ ಸಿಟಿಯ ಕಾಮ್‌ಸ್ಟಾಕ್ ಬೆಳ್ಳಿ ನಿಕ್ಷೇಪ ಬೆಳಕಿಗೆ ಬಂದದ್ದು 1859ರಲ್ಲಿ. ಅಲ್ಲಿನ ಅದಿರು ಅಗಲವಾಗಿಯೂ ಮೆತ್ತಗೂ ಇದ್ದುದರಿಂದ ಸಾಮಾನ್ಯ ಕಂಬಗಳು ಸುರಂಗದ ಮಾಡನ್ನು ತಡೆಯುತ್ತಿರಲಿಲ್ಲ. 1860ರಲ್ಲಿ ಫಿಲಿಪ್ ಡೈಡಸ್‌ಹೈಮರ್ ಎಂಬ ಎಂಜಿನಿಯರ್ ದಪ್ಪ ತೊಲೆಗಳನ್ನು ಚೌಕಟ್ಟುಗಳಾಗಿ ಜೋಡಿಸಿ, ಒಂದರ ಮೇಲೊಂದು ಪೇರಿಸಿ ಸುರಂಗಕ್ಕೆ ಆಸರೆ ಕೊಡುವ ವಿಧಾನ ಕಂಡುಹಿಡಿದ. ಅಲ್ಲಿಂದ ಮುಂದೆ ಗಣಿಗಳು ಮರವನ್ನು ನುಂಗತೊಡಗಿದವು; ಟಾಹೋ ಸುತ್ತಲಿನ ಪೈನ್ ಕಾಡು ಕೆಲವೇ ದಶಕಗಳಲ್ಲಿ ಬೋಳಾಯಿತು. ಡಾರ್ಟಾರ್ಟ್ ಚರಿತ್ರೆಯನ್ನು ಓದಿಕೊಂಡೇ ಬರೆದಿದ್ದರು. ಡೈಡಸ್‌ಹೈಮರ್‌ನ ಬಗ್ಗೆಯೇ ಒಂದು ಸಂಚಿಕೆ ಮೊದಲ ಸೀಸನ್ನಿನಲ್ಲಿ ಬಂದಿತು, ಅದು ಪೈಲಟ್‌ಗಿಂತ ಎಷ್ಟೋ ಮೇಲು.

ಹಾಗಿದ್ದರೆ ಎಡವಿದ್ದು ಎಲ್ಲಿ? ಮೊಟ್ಟಮೊದಲು, ಮನೆಯವರಲ್ಲಿ. ನಾವು ಬಲ್ಲ ಕಾರ್ಟ್‌ರೈಟ್‌ಗಳು ಇವರಲ್ಲ ಎನಿಸುತ್ತದೆ. ಹೊರಗಿನವರು ಯಾರೇ ಆಗಲಿ, ಇವರಿಗೆ ಶತ್ರುಗಳು. ಅಣ್ಣತಮ್ಮಂದಿರ ನಡುವೆಯೂ ಸರಿಯಿಲ್ಲ. ಆಡಮ್‌ನ ತಾಯಿ ಉತ್ತರದ ನ್ಯೂ ಇಂಗ್ಲೆಂಡ್ ಕಡೆಯವಳು, ಜೋನ ತಾಯಿ ದಕ್ಷಿಣದ ನ್ಯೂ ಆರ್ಲಿಯನ್ಸ್‌ನವಳು. ಅಂತರ್ಯುದ್ಧದ ಹೊಸ್ತಿಲಲ್ಲಿದ್ದ ದೇಶದ ಬಿರುಕನ್ನು ಒಂದೇ ಮನೆಯೊಳಗೆ ತೋರಿಸುವ ಉದ್ದೇಶದಿಂದ ಇಬ್ಬರನ್ನೂ ಕೈಕೈ ಮಿಲಾಯಿಸುವಂತೆ ಮಾಡಿದ್ದಾರೆ. ಉದ್ದೇಶ ದೊಡ್ಡದು. ಆದರೆ ಆ ಇಬ್ಬರು ಯಾರೆಂದು ನಮಗೆ ಇನ್ನೂ ಗೊತ್ತಿಲ್ಲದಿರುವಾಗ ಅವರ ಜಗಳ ನಮ್ಮನ್ನು ತಾಗುವುದಿಲ್ಲ. ನಾಲ್ವರು ನಟರೂ ಹೊಸದಾಗಿ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆಯುತ್ತಾರೆ. ತಂದೆಯ ಪಾತ್ರದ ಲಾರ್ನ್ ಗ್ರೀನ್ ಆಗ 44ರವರು, ಹಿರಿಯ ಮಗನಾದ ಪರ್ನೆಲ್ ರಾಬರ್ಟ್ಸ್ 31ರವರು. ಈ ಹದಿಮೂರು ವರ್ಷದ ಅಂತರವನ್ನು ಮುಚ್ಚಲು ಬೆಳ್ಳಿಗೂದಲು ಸಾಲದು. ಪರಸ್ಪರರ ಮುಂದೆ ನಿಲ್ಲುವ ರೀತಿ, ಮಾತಿನ ನಡುವಿನ ಬಿಡುವು, ಗದರಿಕೆಯಲ್ಲಿರುವ ಅಕ್ಕರೆ, ಇವೆಲ್ಲ ಬೇಕು. ಅವು ಬಂದದ್ದು ವಾರ ವಾರವೂ ಜೊತೆಯಲ್ಲಿ ದುಡಿದ ಮೇಲೆ. ಯುದ್ಧಕಾಲದಲ್ಲಿ ಕೆನಡಾ ರೇಡಿಯೊದಲ್ಲಿ ವಾರ್ತೆ ಓದಿ ಹೆಸರಾಗಿದ್ದ ಗ್ರೀನ್, ಪೈಲಟ್‌ನಲ್ಲಿ ಮಕ್ಕಳೊಂದಿಗೂ ಘೋಷಣೆ ಹೊರಡಿಸುವ ಗಂಭೀರ ಧ್ವನಿಯಲ್ಲೇ ಮಾತನಾಡುತ್ತಾರೆ.

ಲಾಟಾಳ ವಿಷಯವೂ ಸ್ವಲ್ಪ ಹೇಳಬೇಕು. ಲಾಟಾ ಕ್ರ್ಯಾಬ್‌ಟ್ರೀ ನಿಜವಾಗಿ ಬದುಕಿದ್ದ ಕಲಾವಿದೆ. ಚಿನ್ನದ ಗಣಿಗಳ ಊರುಗಳಲ್ಲಿ ಕುಣಿದು ಹಾಡಿ ಬೆಳೆದವಳು. ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ 1875ರಲ್ಲಿ ಅವಳು ಕೊಟ್ಟ ಕಾರಂಜಿ ಇಂದಿಗೂ ನಿಂತಿದೆ. ಹುಟ್ಟಿದ್ದು 1847ರಲ್ಲಿ. ಅಂದರೆ ಬೆಳ್ಳಿ ಸಿಕ್ಕಿದ ವರ್ಷ ಅವಳಿಗೆ ಹನ್ನೆರಡು ತುಂಬುತ್ತಿತ್ತು! ಆ ಪಾತ್ರವನ್ನು ಮಾಡಿದ ಇವಾನ್ ಡಿ ಕಾರ್ಲೋಗೆ 37. ಇದನ್ನು ಲೇಖಕರ ಅಜ್ಞಾನ ಎಂದು ಬಿಡುವುದು ಸುಲಭ, ಆದರೆ ಕಾರಣ ಬೇರೆಯೇ. ‘ದ ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರದಲ್ಲಿ ಮೋಸೆಸನ ಹೆಂಡತಿಯಾಗಿ ನಟಿಸಿದ್ದ ಡಿ ಕಾರ್ಲೋ ಆಗ ಮನೆಮಾತು. ಮುಖ್ಯ ನಾಲ್ವರನ್ನು ಜನ ಅಷ್ಟಾಗಿ ಬಲ್ಲವರಲ್ಲ. ಸರಕು ಮಾರಾಟವಾಗಬೇಕಾದರೆ ಅಂಗಡಿಯ ಮುಂದೆ ಪರಿಚಿತ ಮುಖವೊಂದು ಬೇಕಿತ್ತು. ಅದರ ಬೆಲೆಯನ್ನು ಕಥೆ ತೆತ್ತಿತು: ಅತಿಥಿ ನಟಿಗೆ ಹೆಚ್ಚಿನ ಹೊತ್ತು ಹೋಗಿ, ನಾವು ಹದಿನಾಲ್ಕು ವರ್ಷ ಜೊತೆಗಿರಬೇಕಾದ ಕುಟುಂಬ ಬದಿಗೆ ಸರಿಯಿತು.

ಇನ್ನೊಂದು ಒತ್ತಡ ಬಣ್ಣದ್ದು. ಆಗ ಎನ್‌ಬಿಸಿಯ ಒಡೆತನ ಆರ್‌ಸಿಎ ಕಂಪನಿಯದಾಗಿತ್ತು. ಆರ್‌ಸಿಎ ಬಣ್ಣದ ಟಿ.ವಿ. ಸೆಟ್ಟುಗಳನ್ನು ತಯಾರಿಸುತ್ತಿತ್ತು; ಬಣ್ಣದಲ್ಲಿ ನೋಡುವಂಥದ್ದು ಏನಾದರೂ ಇದ್ದರೆ ತಾನೇ ಜನ ಬಣ್ಣದ ಸೆಟ್ಟು ಕೊಳ್ಳುವುದು? ಮೊದಲ ದಿನದಿಂದಲೇ ಬಣ್ಣದಲ್ಲಿ ಬಂದ ‘ಬೊನಾಂಜಾ’ ಆ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಪೈಲಟ್‌ನಲ್ಲಿ ಬೆನ್ ಮತ್ತು ಆಡಮ್ ಎತ್ತರದಲ್ಲಿ ನಿಂತು ಕೆಳಗಿನ ಸರೋವರವನ್ನು ನೋಡುವ ಪ್ರಸಂಗವಿದೆ. ಬೆನ್ ಬೈಬಲಿನ ಧಾಟಿಯಲ್ಲಿ ಆ ಸೊಬಗನ್ನು ಹೊಗಳುತ್ತಾನೆ, ಸಾವಿರ ಚದರ ಮೈಲಿಯ ತನ್ನ ನೆಲವನ್ನು ಮೀರಿಸಬೇಕಾದರೆ ಸ್ವರ್ಗವೂ ಸ್ವಲ್ಪ ಬೆವರು ಸುರಿಸಬೇಕು ಎಂಬ ಅರ್ಥದ ಮಾತಾಡುತ್ತಾನೆ. ಮಾತು ಭಾರವಾಯಿತು ನಿಜ. ಆದರೂ ನನಗೆ ಆ ಭಾಗ ಇಷ್ಟ. ಮಾರಾಟದ ಅಗತ್ಯಕ್ಕೆ ಬಂದ ಆ ನೀಲಿ ನೀರು, ಹಸಿರು ಪೈನ್ ಮರಗಳೇ ಮುಂದೆ ಧಾರಾವಾಹಿಯ ಗುರುತಾದವು.

ಶನಿವಾರದ ಆ ಹೊತ್ತಿಗೆ ಇನ್ನೊಂದು ವಾಹಿನಿಯಲ್ಲಿ ‘ಪೆರಿ ಮೇಸನ್’ ಬರುತ್ತಿತ್ತು. ಅದರೆದುರು ‘ಬೊನಾಂಜಾ’ ಮೊದಲ ವರ್ಷ ಮಂಕಾಗಿಯೇ ಇತ್ತು; ಅದನ್ನು ಉಳಿಸಿದ್ದರಲ್ಲಿ ಬಣ್ಣದ ಪಾಲು ದೊಡ್ಡದು. ಉಳಿದ ಆ ಅವಧಿಯಲ್ಲಿ ತಿದ್ದುಪಡಿಗೆ ಸಮಯ ಸಿಕ್ಕಿತು. ಲಾರ್ನ್ ಗ್ರೀನ್ ತಮ್ಮ ಪಾತ್ರದ ಬಗ್ಗೆಯೇ ತಕರಾರು ತೆಗೆದರು. ಆ ಪ್ರಾಂತ್ಯದಲ್ಲೇ ಅತಿ ಹೆಚ್ಚು ಮರ, ಜಾನುವಾರು ಮಾರುವ ಮನೆತನ ಬಂದವರನ್ನೆಲ್ಲ ಗದರಿಸಿ ಅಟ್ಟುತ್ತ ಬಾಳಲು ಹೇಗೆ ಸಾಧ್ಯ ಎಂಬುದು ಅವರ ಆಕ್ಷೇಪ. ನಿರ್ಮಾಪಕರು ಒಪ್ಪಿದರು. ಬೆನ್ ಮೆತ್ತಗಾದ, ಮನೆಯ ಬಾಗಿಲು ತೆರೆಯಿತು. 1961ರಲ್ಲಿ ಧಾರಾವಾಹಿ ಭಾನುವಾರ ರಾತ್ರಿಗೆ ಬಂದಿತು. 1964ರಿಂದ 1967ರವರೆಗೆ ಮೂರು ಸೀಸನ್ ಅಮೆರಿಕದ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವಾಗಿ ನಿಂತಿತು.

ಪೈಲಟ್‌ಗಳಲ್ಲಿ ಬಗೆಗಳುಂಟು. ಇಡೀ ಕಥೆ ಹೇಗೆ ಆರಂಭವಾಯಿತು ಎಂದು ಹೇಳುವುದು ಒಂದು ಬಗೆ. 1949ರ ‘ದ ಲೋನ್ ರೇಂಜರ್’ ಧಾರಾವಾಹಿಯ ಆರಂಭದ ಮೂರು ಸಂಚಿಕೆಗಳು ನಾಯಕ ಮುಖವಾಡ ತೊಟ್ಟ ಕಾರಣವನ್ನು ಹೇಳುವುದಕ್ಕೇ ಮೀಸಲು. ‘ಬೊನಾಂಜಾ’ ಹಾಗಲ್ಲ, ಕುಟುಂಬ ಆಗಲೇ ಬೇರೂರಿದೆ, ಎಂದಿನ ಒಂದು ದಿನಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಈಗಾಗಲೇ ನಡೆಯುತ್ತಿರುವ ಇನ್ನೊಂದು ಕಾರ್ಯಕ್ರಮದೊಳಗೆ ಹೊಸ ಪಾತ್ರವನ್ನು ತಂದು ಪರೀಕ್ಷಿಸುವುದು ಮತ್ತೊಂದು ಬಗೆ, ಹಿತ್ತಲ ಬಾಗಿಲಿನ ಪೈಲಟ್. ‘ದ ರೈಫಲ್‌ಮನ್’ 1958ರ ಮಾರ್ಚ್‌ನಲ್ಲಿ ಹೀಗೆ ಒಂದು ಕಥಾಮಾಲಿಕೆಯ ನಡುವೆ ಬಂದು ಹೋಗಿ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ಧಾರಾವಾಹಿಯಾಯಿತು. ತಿರಸ್ಕೃತವಾಗಿಯೂ ಬದುಕಿದ ಪೈಲಟ್‌ಗೆ ‘ಸ್ಟಾರ್ ಟ್ರೆಕ್’ ಸಾಕ್ಷಿ. 1965ರಲ್ಲಿ ಎನ್‌ಬಿಸಿ ಅದರ ಮೊದಲ ಪೈಲಟ್ ಬೇಡವೆಂದಿತು, ಎರಡನೆಯದನ್ನು ಕೇಳಿ ಪಡೆಯಿತು. ಆ ಎರಡನೆಯದು 1966ರಲ್ಲಿ ಪ್ರಸಾರವಾದದ್ದು ಮೂರನೆಯ ಸಂಚಿಕೆಯಾಗಿ. ಪೈಲಟ್ ಬೇರೆ, ಮೊದಲ ಸಂಚಿಕೆ ಬೇರೆ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕೇ.

ನಮ್ಮಲ್ಲಿಯೂ ಈ ಪದ ಹೊಸದಲ್ಲ. ದೂರದರ್ಶನದ ಕಾಲದಲ್ಲಿ ಧಾರಾವಾಹಿ ಮಾಡಬಯಸಿದವರು ಪೈಲಟ್ ಒಪ್ಪಿಸಿ ಮಂಜೂರಾತಿಗೆ ಕಾಯುತ್ತಿದ್ದರು, ಕನ್ನಡದ ಖಾಸಗಿ ವಾಹಿನಿಗಳಲ್ಲಿ ದುಡಿಯುವವರೂ ಅದೇ ಪದ ಬಳಸುತ್ತಾರೆ.

ಎಲ್ಲ ಕೌಬಾಯ್ ಧಾರಾವಾಹಿಗಳೂ ಹೀಗೆ ತಡವರಿಸಿದವೇ ಎಂದು ಕೇಳಿದರೆ, ಇಲ್ಲ. 1955ರಲ್ಲಿ ಟಿ.ವಿ.ಗೆ ಬಂದ ‘ಗನ್‌ಸ್ಮೋಕ್’ ಮೊದಲ ದಿನವೇ ಗಟ್ಟಿಯಾಗಿ ನಿಂತಿತು. ನಾಯಕ ಮಾರ್ಷಲ್ ಮ್ಯಾಟ್ ಡಿಲನ್ ಮೊದಲ ಸಂಚಿಕೆಯಲ್ಲೇ ತನಗಿಂತ ಚುರುಕಾದ ಕೈಯವನಿಂದ ಗುಂಡೇಟು ತಿನ್ನುತ್ತಾನೆ; ಆರಂಭದಲ್ಲೇ ನಾಯಕನನ್ನು ಹೀಗೆ ಕೆಳಗೆ ಬೀಳಿಸಲು ಆತ್ಮವಿಶ್ವಾಸ ಬೇಕು. ಅದು ಎಲ್ಲಿಂದ ಬಂತೆಂದರೆ ರೇಡಿಯೊದಿಂದ. 1952ರಿಂದಲೇ ‘ಗನ್‌ಸ್ಮೋಕ್’ ರೇಡಿಯೊ ನಾಟಕವಾಗಿ ಪ್ರತಿ ವಾರ ನಡೆಯುತ್ತಿತ್ತು. ಟಿ.ವಿ.ಯಲ್ಲಿ ನಟರು ಬದಲಾದರು, ಆದರೆ ಮಾರ್ಷಲ್, ಡಾಕ್ಟರ್, ಕಿಟಿ, ಚೆಸ್ಟರ್ ಇವರೆಲ್ಲ ಹೇಗೆ ಮಾತನಾಡುತ್ತಾರೆ, ಯಾರಿಗೆ ಯಾರ ಮೇಲೆ ಸಲಿಗೆ ಎಂಬುದು ಬರಹಗಾರರಿಗೆ ಮೂರು ವರ್ಷದಿಂದ ಕರಗತವಾಗಿತ್ತು. ‘ಬೊನಾಂಜಾ’ಕ್ಕೆ ಆ ತಾಲೀಮು ಇರಲಿಲ್ಲ, ಅದರ ತಾಲೀಮು ಜನರ ಕಣ್ಣೆದುರೇ ನಡೆಯಿತು. ಆದ್ದರಿಂದಲೇ ‘ಎ ರೋಸ್ ಫಾರ್ ಲಾಟಾ’ವನ್ನು ಕೆಟ್ಟ ಸಂಚಿಕೆ ಎಂದು ತಳ್ಳಿಹಾಕುವವರೊಂದಿಗೆ ನನಗೆ ಸಹಮತವಿಲ್ಲ. ಅದು ಪಾತ್ರಗಳು ಇನ್ನೂ ಹದಗೊಳ್ಳದಿದ್ದಾಗಿನ ದಾಖಲೆ. ದೀರ್ಘಕಾಲ ನಡೆಯುವ ಧಾರಾವಾಹಿಯಲ್ಲಿ ಪಾತ್ರವನ್ನು ಲೇಖಕ ಮೊದಲೇ ಬರೆದು ಮುಗಿಸಿರುವುದಿಲ್ಲ, ನಟನೂ ಬರಹಗಾರನೂ ನೂರಾರು ಸಲ ಮಾಡಿ ಮಾಡಿ ಅದನ್ನು ಕಂಡುಕೊಳ್ಳುತ್ತಾರೆ.

ಕೈಬಿಟ್ಟದ್ದರಿಂದಲೂ ‘ಬೊನಾಂಜಾ’ದವರು ಕಲಿತರು. ಜೇ ಲಿವಿಂಗ್‌ಸ್ಟನ್ ಮತ್ತು ರೇ ಎವನ್ಸ್ ಕಟ್ಟಿದ, ಎಲ್ಲರೂ ಬಲ್ಲ ಆ ಶೀರ್ಷಿಕೆ ಸಂಗೀತಕ್ಕೆ ಸಾಹಿತ್ಯವೂ ಇತ್ತು. ಪೈಲಟ್‌ನ ಕೊನೆಗೆ ನಾಲ್ವರೂ ಕುದುರೆಯ ಮೇಲೆ ಅದನ್ನು ಹಾಡುತ್ತ ಹೋಗುವ ದೃಶ್ಯವನ್ನು ಚಿತ್ರೀಕರಿಸಿದ್ದರು. ಅತಿಯಾಯಿತೆಂದು ಪ್ರಸಾರಕ್ಕೆ ಮುನ್ನ ತೆಗೆದರು. ಆ ತುಣುಕು ನಾಶವಾಗಲಿಲ್ಲ; ನೋಡಿದವರಿಗೆಲ್ಲ ಕತ್ತರಿ ಹಾಕಿದವರ ವಿವೇಕ ಮೆಚ್ಚುಗೆಯಾಗುತ್ತದೆ. ಜೋ ಆಗಿ ಕಾಣಿಸಿಕೊಂಡ ಮೈಕಲ್ ಲ್ಯಾಂಡನ್‌ಗೆ ಆಗ ಇನ್ನೂ 22. ಅದೇ ಸೆಟ್ಟಿನಲ್ಲಿ ಬರೆಯುವುದನ್ನೂ ನಿರ್ದೇಶಿಸುವುದನ್ನೂ ಕಲಿತು, ಪೈಲಟ್ ಬಂದು ಸರಿಯಾಗಿ ಹದಿಮೂರು ವರ್ಷಕ್ಕೆ, 1972ರ ಸೆಪ್ಟೆಂಬರ್ 12ರಂದು, ‘ಫಾರೆವರ್’ ಎಂಬ ಎರಡು ಗಂಟೆಯ ಸಂಚಿಕೆಯನ್ನು ಕೊಟ್ಟರು. ಹಾಸ್ ಪಾತ್ರದ ಡ್ಯಾನ್ ಬ್ಲಾಕರ್ ಅದೇ ವರ್ಷ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಅವರಿಗೆಂದೇ ಯೋಚಿಸಿದ್ದ ಕಥೆಯನ್ನು ಜೋಗಾಗಿ ಬದಲಿಸಿ ಲ್ಯಾಂಡನ್ ತಾವೇ ನಟಿಸಿದರು.

ಇದುವರೆಗೆ ‘ಬೊನಾಂಜಾ’ ನೋಡದವರಿಗೆ ನನ್ನ ಸಲಹೆ: ಪೈಲಟ್‌ನಿಂದ ಆರಂಭಿಸಬೇಡಿ. ಲೀ ಮಾರ್ವಿನ್ ಅತಿಥಿಯಾಗಿರುವ 1962ರ ‘ದ ಕ್ರೂಸಿಬಲ್’ ನೋಡಿ, ಆಡಮ್ ಎಂಥವನೆಂದು ತಿಳಿಯುತ್ತದೆ. ಇನ್ನಷ್ಟು ಸಂಚಿಕೆಗಳನ್ನು ನೋಡಿ ಮನೆಯವರ ಪರಿಚಯವಾದ ಮೇಲೆ ‘ಎ ರೋಸ್ ಫಾರ್ ಲಾಟಾ’ಗೆ ಹಿಂದಿರುಗಿ. ಮೊದಲೆರಡು ಸೀಸನ್‌ಗಳ ಕೆಲವು ಸಂಚಿಕೆಗಳು ಹಕ್ಕುಸ್ವಾಮ್ಯದಿಂದ ಹೊರಗಿರುವುದರಿಂದ ಅವುಗಳ ಅಗ್ಗದ ಪ್ರತಿಗಳು ಬಹಳ ಓಡಾಡುತ್ತವೆ. ಅವುಗಳಲ್ಲಿ ಎಷ್ಟೋ ಕಡೆ ಶೀರ್ಷಿಕೆ ಸಂಗೀತವನ್ನೇ ಬದಲಿಸಿರುತ್ತಾರೆ. ಮೂಲ ಸಂಗೀತ ಇರುವ ಪ್ರತಿಯನ್ನು ಹುಡುಕಿ ನೋಡಿ.