ಚೀಟಿ ತಡೆಯುವ ಪುಟಾಣಿ ಆರ್‌ಎನ್‌ಎ

ಮೆದುಳಿನ ರಕ್ತನಾಳದಲ್ಲಿ ಒಂದು ಹೆಪ್ಪು ಸಿಕ್ಕಿಕೊಂಡರೆ ಸಾಕು, ಅದರಾಚೆಗಿನ ನರಕೋಶಗಳಿಗೆ ಆಮ್ಲಜನಕವೂ ಇಲ್ಲ, ಗ್ಲೂಕೋಸೂ ಇಲ್ಲ. ಇದು ಸ್ಟ್ರೋಕ್. ದೊಡ್ಡ ನಾಳವೇ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಆದರೆ ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ. ನಡುಭಾಗ ಬೇಗ ಹೋಗುತ್ತದೆ. ಸುತ್ತಲಿನ ಅಂಚು ಗಂಟೆಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆ ಅಂಚಿನ ಕೋಶಗಳ ಅಳಿವು ಉಳಿವಿನಲ್ಲಿ ಮೈಕ್ರೋ ಆರ್‌ಎನ್‌ಎಗಳ ಕೈವಾಡವೂ ಇದೆ.

ಇವು ಬರೀ 22 ಅಕ್ಷರಗಳಷ್ಟು ಉದ್ದದ ತುಣುಕುಗಳು; ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯೂ ಒಂದು ಅಕ್ಷರ. ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ 1993ರಲ್ಲಿ ಇವುಗಳ ಕೆಲಸವನ್ನು ತೋರಿಸಿಕೊಟ್ಟಿದ್ದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. ಹುಳದ ವಿಚಾರ ತಾನೇ ಅಂತ ಹೆಚ್ಚಿನವರು ಸುಮ್ನಿದ್ದರು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಪ್ರೋಟೀನ್ ತಯಾರಾಗಬೇಕಾದರೆ ಜೀನ್ ಒಂದು ಚೀಟಿ ಬರೆದು ಕಳಿಸುತ್ತದೆ ಅಂದುಕೊಳ್ಳಿ. ಅದೇ ಮೆಸೆಂಜರ್ ಆರ್‌ಎನ್‌ಎ. ಮೈಕ್ರೋ ಆರ್‌ಎನ್‌ಎ ಹೋಗಿ ಆ ಚೀಟಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದನ್ನು ಓದಲಾಗುವುದಿಲ್ಲ, ಎಷ್ಟೋ ಸಲ ಚೀಟಿಯೇ ಚೂರಾಗುತ್ತದೆ. ಅಂಟಲು ಏಳೆಂಟು ಅಕ್ಷರ ಹೊಂದಿಕೊಂಡರೂ ಸಾಕು. ಹಾಗಾಗಿ ಒಂದೊಂದೂ ನೂರಾರು ಚೀಟಿಗಳಿಗೆ ಅಡ್ಡ ಬರಬಲ್ಲದು.

ಮಿರ್-181ಎ ಅನ್ನೋ ಮೈಕ್ರೋ ಆರ್‌ಎನ್‌ಎಯನ್ನೇ ನೋಡಿ. ಇಲಿಗಳಲ್ಲಿ ಸ್ಟ್ರೋಕ್ ಉಂಟುಮಾಡಿ ಪರೀಕ್ಷಿಸಿದಾಗ, ಸತ್ತ ನಡುಭಾಗದಲ್ಲಿ ಇದು ಜಾಸ್ತಿ ಇತ್ತು, ಉಳಿಯುವ ಅಂಚಿನಲ್ಲಿ ಕಡಿಮೆ. ಇದು ತಡೆಯುವ ಚೀಟಿಗಳಲ್ಲಿ ಎರಡು ಮುಖ್ಯ, ಜಿಆರ್‌ಪಿ78 ಮತ್ತು ಬಿಸಿಎಲ್-2 ಎಂಬ ಪ್ರೋಟೀನುಗಳ ಚೀಟಿಗಳು. ಜಿಆರ್‌ಪಿ78 ಬೇರೆ ಪ್ರೋಟೀನುಗಳನ್ನು ಸರಿಯಾಗಿ ಮಡಚಿಸುತ್ತದೆ. ಬಿಸಿಎಲ್-2 ಕೋಶ ತನ್ನನ್ನು ತಾನೇ ಕೊಂದುಕೊಳ್ಳದಂತೆ ಹಿಡಿದಿಡುತ್ತದೆ. ಕಷ್ಟಕಾಲದಲ್ಲಿ ಬೇಕಾದ ಇವೆರಡೂ ಸಿಗದಿದ್ದರೆ ಕೋಶ ಉಳಿಯುವುದಾದರೂ ಹೇಗೆ, ಅಲ್ವಾ? ಮಿರ್-181ಎಯನ್ನೇ ಕಟ್ಟಿಹಾಕುವ ಎದುರು ತುಣುಕನ್ನು ಕೊಟ್ಟಾಗ ಇಲಿಗಳ ಮೆದುಳಿಗೆ ಆದ ಹಾನಿ ಕಡಿಮೆಯಾಯಿತು.

ಇನ್ನೊಂದು, ಮಿರ್-124. ಇದು ಹೆಚ್ಚಾಗಿ ಇರುವುದೇ ನರಕೋಶಗಳಲ್ಲಿ. ಅವು ಹಾಳಾದಾಗ ರಕ್ತಕ್ಕೆ ಸೋರುತ್ತದೆ. ಇದನ್ನಿಟ್ಟುಕೊಂಡು ಸ್ಟ್ರೋಕಿಗೆ ರಕ್ತಪರೀಕ್ಷೆ ಮಾಡಬಹುದು ಅಂತ ಆಸೆ. ನನಗೇಕೋ ಅಷ್ಟು ನಂಬಿಕೆಯಿಲ್ಲ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲ್ಯಾಬಿನಲ್ಲಿ ಇಷ್ಟು ಚಿಕ್ಕ ಆರ್‌ಎನ್‌ಎಯನ್ನು ಅಳೆಯಲು ಈಗ ಹಿಡಿಯುವುದೇ ಗಂಟೆಗಳು. ಆ ಮದ್ದು ಕೊಡುವ ಮುನ್ನ ತಿಳಿಯಬೇಕಾದ್ದು ಮೆದುಳಿನಲ್ಲಿ ರಕ್ತಸ್ರಾವ ಆಗಿದೆಯಾ ಅಂತ; ಅದನ್ನು ಸಿಟಿ ಸ್ಕ್ಯಾನ್ ನಿಮಿಷಗಳಲ್ಲಿ ಹೇಳಿಬಿಡುತ್ತದೆ.

ಆ ಎದುರು ತುಣುಕನ್ನು ಮದ್ದಾಗಿ ಕೊಡುವ ದಾರಿಯೂ ಸಲೀಸಲ್ಲ. ರಕ್ತದಲ್ಲಿ ಸಿಕ್ಕಿದ್ದನ್ನೆಲ್ಲ ಮೆದುಳಿನ ನಾಳಗಳ ಗೋಡೆ ಒಳಗೆ ಬಿಡುವುದಿಲ್ಲ. ಕೋಶಗಳೇ ಹೊರಬಿಡುವ ಎಕ್ಸೋಸೋಮ್ ಎಂಬ ಗುಳ್ಳೆಗಳಲ್ಲಿ ತುಂಬಿಸಿ ದಾಟಿಸುವ ಪ್ರಯತ್ನ ನಡೆದಿದೆ. ದಾಟಿದರೂ ಅದು ಮೆದುಳಿನಲ್ಲಷ್ಟೇ ಕೆಲಸ ಮಾಡಬೇಕಲ್ಲ? ಅಲ್ಲಿ ಕಟ್ಟಿಹಾಕಬೇಕಾದ ಇದೇ ಮಿರ್-181ಎ, ಸೋಂಕಿನ ವಿರುದ್ಧ ಹೋರಾಡುವ ಟಿ-ಕೋಶಗಳು ಬೆಳೆಯುವಾಗ ಬೇಕೇ ಬೇಕು.