ಕತ್ತಲ ಜಾಗದ ಲೆಕ್ಕ: ಬಾಗೇಪಲ್ಲಿ ಕಡೆ ಹುಡುಕುತ್ತಾ ಬರೆದುಕೊಂಡದ್ದು

ನಕ್ಷತ್ರ ನೋಡಲು ಕತ್ತಲ ಜಾಗ ಹುಡುಕುತ್ತಿದ್ದೇನೆ. ರಾತ್ರಿ ದೀಪಗಳನ್ನು ತೋರಿಸುವ ಉಪಗ್ರಹ ನಕಾಶೆಯಲ್ಲಿ ಕಪ್ಪಗಿರುವ ಜಾಗದ ಮೇಲಿನ ಆಕಾಶವೂ ಕಪ್ಪಗೇ ಇರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಗೆ ಆರೇ ಕಿಲೋಮೀಟರ್ ದೂರದಲ್ಲಿ ಅಂಥದೊಂದು ಬಂಡೆ ಸಿಕ್ಕಿತ್ತು. ಸುತ್ತ ಒಂದು ದೀಪವೂ ಇಲ್ಲ. ಆದರೆ ಊರಿನ ಕಡೆ ತಿರುಗಿದರೆ ಆಕಾಶ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿತ್ತು. ಉಪಗ್ರಹ ನೋಡುವುದು ನೆಲದಿಂದ ಮೇಲಕ್ಕೆ ಹೊರಡುವ ಬೆಳಕನ್ನು. ನಮ್ಮ ಕಣ್ಣಿಗೆ ಬೀಳುವುದು ಗಾಳಿಯಲ್ಲಿ, ದೂಳಿನಲ್ಲಿ ಚದುರಿ ಬರುವ ಬೆಳಕು. ಅದು ಹತ್ತಾರು ಕಿಲೋಮೀಟರ್ ಆಚೆಯ ಊರಿನದೂ ಆಗಿರಬಹುದು. 2016ರಲ್ಲಿ ಬಂದ, ದೀಪಗಳಿಂದ ಆಕಾಶ ಎಷ್ಟು ಬೆಳಗಿದೆ ಎಂದು ತೋರಿಸುವ ಜಾಗತಿಕ ಅಟ್ಲಾಸ್ ಈ ಚದುರುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಆದರೆ ಅದು ಕೊಡುವುದು ನೆತ್ತಿಯ ಮೇಲಿನ ಆಕಾಶದ ಅಂಕಿಯನ್ನು ಮಾತ್ರ. ನಮಗೆ ದಿಕ್ಕು ಬೇಕು.

ಆಕಾಶ ಎಷ್ಟು ಕತ್ತಲು ಎಂದು ಹೇಳಲು ಜಾನ್ ಬೋರ್ಟಲ್ 2001ರಲ್ಲಿ ಕೊಟ್ಟ ಒಂದರಿಂದ ಒಂಬತ್ತರ ಮಾಪಕ ಹಲವರಿಗೆ ಗೊತ್ತಿರುತ್ತದೆ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನಾನು ಸಿಕ್ಕಿಹಾಕಿಕೊಂಡ ಲೆಕ್ಕ

1970ರ ದಶಕದಲ್ಲಿ ಖಗೋಳ ವಿಜ್ಞಾನಿ ಮೆರ್ಲ್ ವಾಕರ್ ಕ್ಯಾಲಿಫೋರ್ನಿಯಾದ ಊರುಗಳ ಬೆಳಕನ್ನು ಅಳೆದು ಒಂದು ಸೂತ್ರ ಕಂಡುಕೊಂಡರು. ಊರಿನ ಜನಸಂಖ್ಯೆಯನ್ನು ನೂರರಿಂದ ಭಾಗಿಸಿ, ಬಂದದ್ದನ್ನು ಕಿಲೋಮೀಟರಿನಲ್ಲಿ ಅಳೆದ ದೂರದ ಎರಡೂವರೆ ಘಾತದಿಂದ ಭಾಗಿಸಬೇಕು. ಆ ಊರಿನ ದಿಕ್ಕಿಗೆ, 45 ಡಿಗ್ರಿ ಎತ್ತರದಲ್ಲಿ (ದಿಗಂತಕ್ಕೂ ನೆತ್ತಿಗೂ ನಟ್ಟನಡುವೆ), ಸಹಜ ಆಕಾಶದ ಬೆಳಕಿಗೆ ಎಷ್ಟು ಪಾಲು ಕೂಡಿತು ಎಂಬುದು ಉತ್ತರ. ಉತ್ತರ 1 ಬಂದರೆ ಅಲ್ಲಿ ಬೆಳಕು ಎರಡು ಪಟ್ಟಾಗಿದೆ ಎಂದರ್ಥ. ಅದನ್ನೇ ‘ಒಂದು ಪಟ್ಟು, ಹಾಗಾದರೆ ವ್ಯತ್ಯಾಸವೇ ಇಲ್ಲ’ ಎಂದು ಓದಿಕೊಂಡು ನಾನು ಒಂದು ವಾರ ತಪ್ಪು ಪಟ್ಟಿ ಮಾಡಿದೆ. ಬಂದ ಉತ್ತರಕ್ಕೆ 1 ಕೂಡಿಸಿ ಓದುವುದನ್ನು ಮರೆಯಬೇಡಿ.

ಇನ್ನು ಎರಡೂವರೆ ಘಾತ. ಮೊಬೈಲಿನ ಸಾದಾ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ: ದೂರದ ವರ್ಗವನ್ನು ದೂರದ ವರ್ಗಮೂಲದಿಂದ ಗುಣಿಸಿದರೆ ಸಾಕು. ದೂರ 100 ಆದರೆ 10,000ವನ್ನು 10ರಿಂದ ಗುಣಿಸಿ, ಒಂದು ಲಕ್ಷ. ಬೆಂಗಳೂರಿಗೆ 2011ರ ಜನಗಣತಿಯಂತೆ 84 ಲಕ್ಷ ಹಿಡಿದರೆ, ನೂರರಿಂದ ಭಾಗಿಸಿ 84,000. ಅದನ್ನು ಒಂದು ಲಕ್ಷದಿಂದ ಭಾಗಿಸಿದರೆ 0.84. ಬಾಗೇಪಲ್ಲಿಗೆ ನಾನು ಮೊದಲು ಹಾಕಿದ್ದು ಈ ಅಂಕಿ. ಅದೂ ತಪ್ಪೇ. ನೂರು ಕಿಲೋಮೀಟರ್ ಎಂಬುದು ರಸ್ತೆಯ ದೂರ. ಬೆಳಕು ಹೆದ್ದಾರಿ ಹಿಡಿದು ಬರುವುದಿಲ್ಲ, ನೇರವಾಗಿ ಬರುತ್ತದೆ. ನೇರ ದೂರ ಸುಮಾರು 90, ಆಗ ಉತ್ತರ 1.09. ಹತ್ತು ಕಿಲೋಮೀಟರಿಗೆ ಇಷ್ಟು ಅಂತರ!

ಈಗ ನಿಜವಾದ ಆಶ್ಚರ್ಯ. ಪಕ್ಕದ ಬಾಗೇಪಲ್ಲಿ ಪಟ್ಟಣಕ್ಕೆ ಲೆಕ್ಕದ ಅನುಕೂಲಕ್ಕೆ 25,000 ಜನ ಎಂದಿಟ್ಟುಕೊಳ್ಳಿ. ಆರು ಕಿಲೋಮೀಟರಿನಲ್ಲಿ ಅದರ ಕಾಣಿಕೆ 2.8. ಅಂದರೆ ಆ ಬಂಡೆಯ ಮೇಲೆ ನನ್ನ ಆಕಾಶವನ್ನು ಕೆಡಿಸಿದ್ದು ಬೆಂಗಳೂರಿಗಿಂತ ಹೆಚ್ಚಾಗಿ ಆ ಪಟ್ಟಣವೇ. ಹನ್ನೆರಡು ಕಿಲೋಮೀಟರಿಗೆ ಸರಿದರೆ ಅದೇ 0.5. ದೂರ ದುಪ್ಪಟ್ಟಾದರೆ ಬೆಳಕು ಐದೂವರೆ ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಎಲ್ಇಡಿ ಬಂದ ಮೇಲೆ ಈ ಅಂಕಿಗಳನ್ನು ಅಕ್ಷರಶಃ ನಂಬಲಾಗದು. ಆದರೆ ಎರಡು ಜಾಗಗಳನ್ನು ಹೋಲಿಸಲು ಇದಕ್ಕಿಂತ ಸುಲಭದ ಸಾಧನ ನನಗೆ ಸಿಕ್ಕಿಲ್ಲ.

ಪಟ್ಟಣದ ಯಾವ ಮಗ್ಗುಲು?

ನಮ್ಮ ಅಕ್ಷಾಂಶ ಹದಿಮೂರೂ ಮುಕ್ಕಾಲು ಡಿಗ್ರಿಯ ಆಸುಪಾಸು. ಉತ್ತರ ದೇಶದವರಿಗೆ ಕಾಣದ ದಕ್ಷಿಣದ ಆಕಾಶ ನಮ್ಮ ಆಸ್ತಿ: ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜ ಸುಮಾರು 16 ಡಿಗ್ರಿ ಎತ್ತರಕ್ಕೆ ಬರುತ್ತದೆ, ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ 29ಕ್ಕೆ, ಆಕಾಶಗಂಗೆಯ ನಡುಭಾಗ 47ಕ್ಕೆ. ಚಿಕ್ಕಬಳ್ಳಾಪುರ ಜಿಲ್ಲೆಯ ಕಷ್ಟವೆಂದರೆ ಬೆಂಗಳೂರು ಇರುವುದೂ ಆ ದಿಕ್ಕಿನಲ್ಲೇ.

ಹಾಗಾಗಿ ಪಟ್ಟಣದಿಂದ ಹನ್ನೆರಡು ಕಿಲೋಮೀಟರಿನ ಮೂರು ಜಾಗಗಳಿಗೆ ದಕ್ಷಿಣದ ಅಂಕಿ ಹಾಕಿದೆ. ಉತ್ತರದ ಜಾಗಕ್ಕೆ ಬೆಂಗಳೂರು ದೂರ, 0.8, ಆದರೆ ಪಟ್ಟಣವೂ ದಕ್ಷಿಣಕ್ಕೇ ಬೀಳುವುದರಿಂದ ಒಟ್ಟು 1.3. ದಕ್ಷಿಣದ ಜಾಗದಲ್ಲಿ ಪಟ್ಟಣ ಬೆನ್ನ ಹಿಂದೆ ಹೋಗುತ್ತದೆ, ಬೆಂಗಳೂರು ಹತ್ತಿರವಾಗಿ 1.56. ಪೂರ್ವಕ್ಕೆ, ಚೇಳೂರು ಕಡೆ ಹೋದರೆ 0.95, ಪಟ್ಟಣದ ಬೆಳಕು ಪಶ್ಚಿಮಕ್ಕೆ ಸರಿಯುತ್ತದೆ. ಪಶ್ಚಿಮ ಹಾಳಾದರೂ ಚಿಂತೆಯಿಲ್ಲ, ಆಕಾಶಕಾಯಗಳು ಅಲ್ಲಿಗೆ ಇಳಿಯುವ ಮೊದಲೇ ಅವನ್ನು ನೋಡಿ ಮುಗಿಸಿರುತ್ತೇವೆ. ‘ಬೆಂಗಳೂರಿನಿಂದ ಆದಷ್ಟು ದೂರ’ ಎಂಬ ಒಂದೇ ನಿಯಮ ಹಿಡಿದಿದ್ದರೆ ನಾನು ಉತ್ತರಕ್ಕೆ ಹೋಗಿಬಿಡುತ್ತಿದ್ದೆ.

ಕಣ್ಣಿನ ಪರೀಕ್ಷೆ

ಹೊರದೇಶದ ಕೈಪಿಡಿಗಳು ಧ್ರುವ ನಕ್ಷತ್ರದ ಸುತ್ತಲಿನ ಲಘು ಸಪ್ತರ್ಷಿಯಲ್ಲಿ ಚುಕ್ಕಿ ಎಣಿಸಿ ಎನ್ನುತ್ತವೆ. ನಮಗದು ಒಗ್ಗದು. ಇಲ್ಲಿ ಧ್ರುವನೇ ಹದಿನಾಲ್ಕು ಡಿಗ್ರಿಯ ಕೆಳಗೆ, ದೂಳಿನಲ್ಲಿ ಮುಳುಗಿರುತ್ತಾನೆ. ಬದಲಿಗೆ ಮಾರ್ಗಶಿರದ ಸಂಜೆ ನೆತ್ತಿಗೆ ಬರುವ ಪೂರ್ವಾಭಾದ್ರ, ಉತ್ತರಾಭಾದ್ರಗಳ ದೊಡ್ಡ ಚೌಕವನ್ನು ಹಿಡಿಯಿರಿ. ಇಪ್ಪತ್ತು ನಿಮಿಷ ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಚೌಕದ ಒಳಗಿನ ಚುಕ್ಕಿಗಳನ್ನು ಎಣಿಸಿ. ನಗರದಲ್ಲಿ ಒಂದೂ ಕಾಣುವುದಿಲ್ಲ. ಹತ್ತು ದಾಟಿದರೆ ಜಾಗ ಒಳ್ಳೆಯದು. ಆಕಾಶದ ಹೊಳಪು ಅಳೆಯುವ ಮೀಟರ್ ಇದ್ದರೆ ಅದನ್ನು ನೆತ್ತಿಗೆ ಮಾತ್ರ ಹಿಡಿಯದೆ ದಕ್ಷಿಣಕ್ಕೂ ಓರೆಯಾಗಿ ಹಿಡಿಯಿರಿ. ಅಂಕಿ ಹೆಚ್ಚಿದಷ್ಟೂ ಕತ್ತಲು ಹೆಚ್ಚು, 22ರ ಹತ್ತಿರ ಸಹಜ ಕತ್ತಲು.

ದಕ್ಷಿಣದ ನಿಜವಾದ ಪರೀಕ್ಷೆ ಶಿವರಾತ್ರಿಯ ಮರುದಿನದ ಅಮಾವಾಸ್ಯೆಗೆ, ಬೆಳಗಿನ ಜಾವ ನಾಲ್ಕರ ಸುಮಾರಿಗೆ. ತೋಳು ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ದಿಗಂತದಿಂದ ಮೂರು ಮುಷ್ಟಿ ಮೇಲೆ ಒಮೇಗಾ ಸೆಂಟಾರಿ ಬರಿಗಣ್ಣಿಗೆ ಮಸುಕು ಚುಕ್ಕಿಯಾಗಿ ಕಂಡರೆ ಜಾಗ ಪಾಸು. ದಕ್ಷಿಣಕ್ಕೆ ಗುಡ್ಡವಿದ್ದರೆ ಅದನ್ನೂ ಮುಷ್ಟಿಯಲ್ಲಿ ಅಳೆಯಿರಿ. ಎರಡು ಮುಷ್ಟಿ ಎತ್ತರದ ಗುಡ್ಡ ತ್ರಿಶಂಕುವನ್ನು ನುಂಗಿಬಿಡುತ್ತದೆ.

ನೆಲದ ಮೇಲೆ

ಜಮೀನಿನವರ ಒಪ್ಪಿಗೆ, ಬೂಟು, ಕತ್ತಲಿಗೆ ಒಗ್ಗಿದ ಕಣ್ಣು ಕೆಡದಂತೆ ಟಾರ್ಚಿಗೆ ಕೆಂಪು ಕಾಗದ: ಇವು ಎಲ್ಲರಿಗೂ ಗೊತ್ತು. ನಾನು ಎಣಿಸದೆ ಇದ್ದದ್ದು ಸೇವಂತಿಗೆಯನ್ನು. ಚೇಳೂರು ಕಡೆಯ ಜಾಗಕ್ಕೆ ಹಗಲು ಹೋದಾಗ ಪಕ್ಕದ ತೋಟದ ಮೇಲೆ ತಂತಿ ಎಳೆದು ಸಾಲು ಸಾಲಾಗಿ ಬಲ್ಬು ಕಟ್ಟಿದ್ದರು. ರಾತ್ರಿ ಉದ್ದವಾದರೆ ಸೇವಂತಿಗೆ ಬೇಗ ಮೊಗ್ಗು ಕಟ್ಟುತ್ತದೆ. ಗಿಡ ಚೆನ್ನಾಗಿ ಬೆಳೆಯಲೆಂದು ರಾತ್ರಿ ಬೆಳಕು ಕೊಟ್ಟು ಹೂವನ್ನು ತಡೆಯುತ್ತಾರೆ. ಹಗಲಲ್ಲಿ ಆ ಬಲ್ಬುಗಳು ಕಣ್ಣಿಗೇ ಬೀಳುವುದಿಲ್ಲ, ಎಲೆಯ ಮೇಲಿನ ನೀರಹನಿಯ ಹಾಗಿರುತ್ತವೆ.

“ದೀಪ ಎಷ್ಟು ದಿನ ಉರಿಯುತ್ತದೆ ಯಜಮಾನರೇ?” ಎಂದು ಕೇಳಿದೆ.

ಅವರು ಮೊಣಕಾಲಿನ ಮಟ್ಟಕ್ಕೆ ಕೈ ಹಿಡಿದು ತೋರಿಸಿದರು. “ಗಿಡ ಇಷ್ಟೆತ್ತರ ಬರಲಿ ತಮ್ಮಾ, ಆಮೇಲೆ ಆರಿಸುತ್ತೇವೆ.”

ಅಂದು ಗಿಡ ಗೇಣುದ್ದ ಇತ್ತು. ಬರುವ ಅಮಾವಾಸ್ಯೆಗೆ ಮೊದಲು ಅವರಿಗೊಂದು ಫೋನ್ ಮಾಡಿಯೇ ಹೊರಡುತ್ತೇನೆ.